ಸೊಲ್ಲು ಕೊಡದ ಗದ್ದೆ

ರೇಡಿಯೊದಲ್ಲಿ ಸೇಸಮ್ಮನ ಹೆಸರು ಬರುತ್ತದಂತೆ ಎಂಬ ಸುದ್ದಿಗೆ ಪುತ್ತಿಗೆಯ ಪಂಚಾಯತು ಕಟ್ಟೆಯೆದುರು ಆ ಸಂಜೆ ಕಾಲಿಡಲು ಜಾಗವಿರಲಿಲ್ಲ. ಸೇರದೆ ಏನು ಮಾಡುತ್ತಾರೆ? ಮಂತ್ರಿಗಳ ಹೆಸರು, ಪೇಟೆಯ ದೊಡ್ಡವರ ಹೆಸರು ಹೇಳುವ ಪೆಟ್ಟಿಗೆ ನಮ್ಮೂರಿನ ನೇಜಿ ನೆಡುವ ಹೆಂಗಸಿನ ಹೆಸರು ಹೇಳುತ್ತದೆಂದರೆ ಯಾರಿಗೆ ಮನೆಯಲ್ಲಿ ಕೂರಲು ಮನಸ್ಸು ಬಂದೀತು? ರೇಡಿಯೊ ಹಾಕುವ ಕೆಲಸದ ಧರ್ಣಪ್ಪನಂತೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಸೇಸಮ್ಮ ಅವನ ಅತ್ತೆ. ಅತ್ತೆಯ ಹೆಸರು ಸರಕಾರದ ಬಾಯಲ್ಲಿ ಬರುವಾಗ ಹಳೆ ಅಂಗಿಯಲ್ಲಿ ನಿಲ್ಲುವುದು ಹೇಗೆ ಮಾರಾಯ, ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಕಟ್ಟೆಯಿಂದ ಗದ್ದೆ ದಾಟಿದರೆ ಪಡುಬೈಲುಗುತ್ತು, ಊರಿನ ಧಣಿಗಳ ಮನೆ. ಅದರ ಚಾವಡಿಯಲ್ಲಿ ಜಲಜಾಕ್ಷಿ ಗೆರಸೆ ಇಟ್ಟುಕೊಂಡು ಹುರುಳಿಯ ಕಲ್ಲು ಆರಿಸುತ್ತಿದ್ದಳು. ಗುತ್ತಿನ ಹೆಂಗಸರು ಕಟ್ಟೆಗೆ ಹೋಗಿ ನಿಲ್ಲುವ ಕ್ರಮವಿಲ್ಲ. ಹೋಗಬೇಕೆಂದೂ ಇಲ್ಲ, ಪಂಚಾಯತಿನ ಧ್ವನಿವರ್ಧಕ ಬೈಲಿಗೆ ಬೈಲನ್ನೇ ಎಬ್ಬಿಸುವಂಥದ್ದು. ಅವಳ ಅಣ್ಣ ಕಮಲಾಕ್ಷ ಹೆಗ್ಡೆಯವರು ಜಗಲಿಯ ಬೆಂಚಿನಲ್ಲಿ ಅಡಿಕೆ ಹೋಳು ಮಾಡುತ್ತ ಕೂತಿದ್ದರು. ದೇವಸ್ಥಾನದ ಮೊಕ್ತೇಸರರು, ದೈವಸ್ಥಾನದ ಯಜಮಾನರು, ಮುಂಡಾಸು ಇಲ್ಲದೆ ಅಂಗಳಕ್ಕೂ ಇಳಿಯದ ಮನುಷ್ಯ.

"ಮೂಡುಬಿದಿರೆ ಬಳಿಯ ಪುತ್ತಿಗೆಯ ಸೇಸಮ್ಮ ಮತ್ತು ಸಂಗಡಿಗರು ಹಾಡಿದ ನಾಟಿಯ ಹಾಡು" ಎಂದಿತು ಪೆಟ್ಟಿಗೆ. ಕಟ್ಟೆಯಲ್ಲಿ ಹೋ ಎಂದು ಬೊಬ್ಬೆ ಎದ್ದಿತು. ಆಮೇಲೆ ಸ್ವರ ಬಂತು.

ಜಲಜಾಕ್ಷಿಯ ಕೈ ಹುರುಳಿಯಲ್ಲೇ ನಿಂತುಬಿಟ್ಟಿತು. ಆ ಸ್ವರ ಸೇಸಮ್ಮನದಲ್ಲ. ಅದು ಅವಳದೇ ಸ್ವರ.

ನಡೆದದ್ದು ಹೀಗೆ. ಆಷಾಢಕ್ಕೆ ಮೊದಲು ರೇಡಿಯೊ ನಿಲಯದವರು ಜೀಪಿನಲ್ಲಿ ಬಂದಿದ್ದರು, ಊರೂರಿನ ಹಾಡು ಹಿಡಿದುಕೊಂಡು ಹೋಗಲಿಕ್ಕೆ. ಹೆಗ್ಡೆಯವರು ಅಂದು ಕೋರ್ಟಿನ ಕೆಲಸಕ್ಕೆಂದು ಬಂಟ್ವಾಳಕ್ಕೆ ಹೋಗಿದ್ದರು. ಗದ್ದೆಯಲ್ಲಿ ಗಾಳಿಯ ಸದ್ದು ಜಾಸ್ತಿಯೆಂದು ಗುತ್ತಿನ ಭತ್ತ ಕುಟ್ಟುವ ಕೊಟ್ಟಿಗೆಗೇ ಯಂತ್ರ ತಂದಿಟ್ಟರು. ಎರಡು ಚಕ್ರಗಳ ಯಂತ್ರ, ಒಂದರ ಪಟ್ಟಿ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತಿತ್ತು. ಬೆಳಗಿನಿಂದ ಬೈಗಿನವರೆಗೆ ಹಾಡಿದರೂ ದಣಿಯದ ಸೇಸಮ್ಮ ಆ ಚಕ್ರ ತಿರುಗುವುದನ್ನು ಕಂಡದ್ದೇ ಕಂಡದ್ದು, ಗಂಟಲು ಕಟ್ಟಿಹೋಯಿತು. "ಇದು ನನ್ನ ಸ್ವರ ಸುತ್ತಿಕೊಂಡು ಹೋಗ್ತದೆ ಜಲಜಕ್ಕ, ಮತ್ತೆ ನನಗೆಂತ ಉಳಿಯುವುದು?" ಎಂದು ಕಿವಿಯಲ್ಲಿ ಹೇಳಿದಳು. ಬೆಲ್ಲ ನೀರು ತಂದಿದ್ದ ಜಲಜಾಕ್ಷಿ ನಕ್ಕು, ಧೈರ್ಯ ಬರಲಿ ಎಂದು ಭತ್ತ ತುಂಬುವ ಕುಡುಪು ಬುಟ್ಟಿಗಳ ರಾಶಿಯ ಹಿಂದೆ ಕೂತು ಮೊದಲ ಸಾಲು ತಾನೇ ಎತ್ತಿದಳು. ಹೆಂಗಸರು ಅಭ್ಯಾಸದಂತೆ ಸೊಲ್ಲು ಕೊಟ್ಟರು. ಯಂತ್ರದ ಹುಡುಗ ಕೈಯೆತ್ತಿ, ಹೀಗೇ ಹೋಗಲಿ, ನಿಲ್ಲಿಸಬೇಡಿ ಎಂದು ಸನ್ನೆ ಮಾಡಿದ. ಅವಳು ನಿಲ್ಲಿಸಲಿಲ್ಲ. ಗಂಡ ಸತ್ತು ಮಗಳು ಕಾಂತಿಯನ್ನು ಕಂಕುಳಲ್ಲಿ ಎತ್ತಿಕೊಂಡು ಈ ಮನೆಗೆ ಮರಳಿದ ಮೇಲೆ ಅವಳು ಬಾಯಿಬಿಟ್ಟು ಹಾಡಿದ್ದು ಅದೇ ಮೊದಲು. ಎಷ್ಟು ಹಿತವಾಯಿತೆಂದರೆ, ಎದೆಯಲ್ಲಿ ಕೂತ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಸೇಸಮ್ಮ ಎಂಬ ಹೆಸರನ್ನು ಅವರು ಮುಂಚೆಯೇ ಗುರುತು ಹಾಕಿಕೊಂಡಿದ್ದರು, ಅದನ್ನೇ ತೆಗೆದುಕೊಂಡು ಹೋದರು. ಅಣ್ಣನ ಕಿವಿಗೆ ಹೋಗುವುದು ಬೇಡ ಎಂದು ಜಲಜಾಕ್ಷಿ ಹೆಂಗಸರಿಗೆ ಹೇಳಿದಳು. ಅವರು ನಕ್ಕು ಆಯಿತೆಂದರು.

ಆ ಹಾಡುಗಳ ಕ್ರಮವೇ ಹಾಗೆ. ಒಬ್ಬಳು ಸಾಲು ಎತ್ತಬೇಕು, ಉಳಿದವರು ಅದನ್ನು ತಿರುಗಿ ಹಾಡಿ ಸೊಲ್ಲು ಕೊಡಬೇಕು. ಸೊಲ್ಲು ಇಲ್ಲದಿದ್ದರೆ ಅದು ಹಾಡಲ್ಲ, ಒಬ್ಬಳ ಒದರಾಟ ಎನ್ನುತ್ತಿದ್ದಳು ಸೇಸಮ್ಮ. ಗುತ್ತಿನ ದೊಡ್ಡ ಗದ್ದೆಯ ನಾಟಿಯ ದಿನ ಧಣಿಯನ್ನೇ ಗೇಲಿ ಮಾಡುವ ಹಾಡು ಮೊದಲು ಬರಬೇಕು. ಧಣಿ ಅಂಚಿನಲ್ಲಿ ನಿಂತು ಕೇಳಿ ನಗಬೇಕು, ಎಲೆಯಡಿಕೆ ಅವಲಕ್ಕಿ ಕೊಡಬೇಕು. ಅಂದು ಹಾಡಿಗೆ ಸಿಟ್ಟಾಗುವ ಹಾಗಿಲ್ಲ. ಹೆಗ್ಡೆಯವರೂ ಪ್ರತಿ ವರ್ಷ ನಗುತ್ತಿದ್ದರು, ಬಿಗಿದ ಮುಖದಲ್ಲೇ ಆದರೂ.

ಕೊಟ್ಟಿಗೆಯಲ್ಲಿ ಅಂದು ಜಲಜಾಕ್ಷಿಯ ಬಾಯಿಗೆ ಬಂದದ್ದೂ ಅದೇ ಹಾಡು. ತುಳುವಿನ ಆ ಸಾಲುಗಳನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

ಹೋರಿ ಹುಡುಕಲು ಬಂದ ಒಡೆಯ, ಹೋರಿ ಹಟ್ಟಿಯಲ್ಲೇ ಉಂಟು,
ಕಳೆದದ್ದು ಹೋರಿಯೋ ಮುಂಡಾಸೋ, ಯಾರ ಚಾಪೆಯಡಿ ನೋಡಲಿ?

ಕಟ್ಟೆಯಲ್ಲಿ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ನಗು ಹಬ್ಬಿತು. ಮೂಡುಬಿದಿರೆಯಿಂದ ಬಂದ ಬಟ್ಟೆ ವ್ಯಾಪಾರಿಗಳು, ಶಾಲೆ ಮಕ್ಕಳು, ಅಳಿಯ ಮಾವ ಎಲ್ಲರೂ ಒಟ್ಟಿಗೆ ನಿಂತು ಕೇಳುವ ಜಾಗ ಅದು. ಗದ್ದೆಯ ಕೆಸರಿನಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಮಾತು ಧ್ವನಿವರ್ಧಕದ ಕಹಳೆಯೊಳಗಿಂದ ಬಂದು ಎಲ್ಲರ ತಲೆಯ ಮೇಲೆ ಬಿತ್ತು. ಯಾರೋ ಗುತ್ತಿನ ಕಡೆ ತಿರುಗಿ "ಮುಂಡಾಸು ಸಿಕ್ಕಿತಾ ಧಣಿಗಳೇ" ಎಂದು ಕೂಗಿದ್ದು ಗದ್ದೆ ದಾಟಿ ಚಾವಡಿಯವರೆಗೆ ಕೇಳಿತು.

ಹೆಗ್ಡೆಯವರು ಅಡಿಕೆಕತ್ತರಿ ಕೆಳಗಿಟ್ಟರು. ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ. "ಇದು ಸೇಸಮ್ಮನ ಕೆಲಸ" ಎಂದರು. "ಇವಳಿಗೆ ತಕ್ಕ ಶಾಸ್ತಿ ಆಗಬೇಕು." ಹಾಡು ಇನ್ನೂ ಮುಗಿದಿರಲಿಲ್ಲ.

ಗೊತ್ತಾಗಲಿಲ್ಲವಲ್ಲ, ಬದುಕಿದೆ ಎಂದುಕೊಂಡಳು ಜಲಜಾಕ್ಷಿ. ಆಮೇಲೆ ಸೇಸಮ್ಮನ ನೆನಪಾಗಿ ಗೆರಸೆಯನ್ನು ಬದಿಗಿಟ್ಟಳು.

ಮರುವಾರವೇ ಗುತ್ತಿನ ಚಾವಡಿಯಲ್ಲಿ ಸಭೆ ಸೇರಿತು. ಸದಾಚಾರ ಸಭೆ ಎಂದು ಹೆಸರಿಟ್ಟರು. ದೇವಸ್ಥಾನದ ಭಟ್ಟರು ಬಂದರು, ಬಸದಿಯ ಪುರೋಹಿತರಾದ ಇಂದ್ರರು ಬಂದರು. ಬೇರೆ ದಿನ ಒಬ್ಬರ ಜಗಲಿಗೆ ಒಬ್ಬರು ಹತ್ತದವರು ಆ ದಿನ ಒಂದೇ ಚಾಪೆಯಲ್ಲಿ ಕೂತರು. ಅಶ್ಲೀಲದ ಭಯಕ್ಕೆ ಅಷ್ಟು ಶಕ್ತಿ ಉಂಟು! ಜಲಜಾಕ್ಷಿ ಒಳಬಾಗಿಲ ಮರೆಯಲ್ಲಿ ಪಾನಕದ ತಂಬಿಗೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು.

"ಮನೆಗೆ ಕಳ್ಳ ಬಂದರೆ ಬಾಗಿಲು ಹಾಕಬಹುದು" ಎಂದರು ಹೆಗ್ಡೆಯವರು. "ಇದು ಆಕಾಶದಿಂದ ಬರುವುದು. ಎಲ್ಲಿ ಬಾಗಿಲು ಹಾಕ್ತೀರಿ? ನಮ್ಮ ಮಕ್ಕಳ ಕಿವಿಗೆ ಬಿದ್ದಾಗಿದೆ. ಹಾಡಿದವರಿಗೂ ಹಾಡಿಸಿದವರಿಗೂ ಶಿಕ್ಷೆ ಆಗಬೇಕು. ದಂಡ ಆಗಬೇಕು, ಕೆಲಸದಿಂದ ತೆಗೆಯಬೇಕು. ಕಾನೂನು ಇಲ್ಲದಿದ್ದರೆ ಕಾನೂನು ಮಾಡಬೇಕು."

"ಸಿನಿಮಾ ಹಾಡಿಗೇ ರೇಡಿಯೊದವರು ಹಿಂದೊಮ್ಮೆ ತಡೆ ಹಾಕಿದ್ದರಲ್ಲ" ಎಂದರು ಇಂದ್ರರು. "ಅದಕ್ಕಿಂತ ಇದು ಹೊಲಸು."

ಶಾಲೆಯ ರುಕ್ಮಯ್ಯ ಮಾಸ್ಟ್ರು ಒಬ್ಬರೇ ಎದ್ದು ನಿಂತದ್ದು. ಎರಡು ಬಾರಿ ಗಂಟಲು ಸರಿಮಾಡಿಕೊಂಡರು. "ಧಣಿಗಳು ಸಿಟ್ಟು ಮಾಡಬಾರದು. ಇದೇ ಹಾಡಿಗೆ ನಿಮ್ಮ ಗದ್ದೆಯಂಚಿನಲ್ಲಿ ನಿಂತು ನೀವು ಅವಲಕ್ಕಿ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಗದ್ದೆಯಲ್ಲಿ ಸರಿಯಾದದ್ದು ಪೆಟ್ಟಿಗೆಯಲ್ಲಿ ಹೇಗೆ ತಪ್ಪಾಗುತ್ತದೆ?"

"ಮಾಸ್ಟ್ರೇ, ಬಚ್ಚಲಲ್ಲಿ ಬೆತ್ತಲೆ ನಿಲ್ಲುತ್ತೀರಿ. ಚಾವಡಿಯಲ್ಲಿ ನಿಲ್ಲುತ್ತೀರಾ?" ಎಂದರು ಹೆಗ್ಡೆಯವರು.

ಸಭೆ ಗೊಳ್ಳೆಂದಿತು. ಮಾಸ್ಟ್ರು ಸೋತ ಹಾಗೆ ಕಂಡರೂ ಕೂರಲಿಲ್ಲ. "ಹಾಗಾದರೆ ಬಚ್ಚಲಿನಿಂದ ಚಾವಡಿಗೆ ಎಳೆದು ತಂದವರ ತಪ್ಪು. ಒಳಗೆ ಇದ್ದವಳದು ಹೇಗೆ?" ಎಂದರು. ಜಲಜಾಕ್ಷಿಗೆ ಅಣ್ಣನ ಮಾತೂ ನಿಜವೆನಿಸಿತು, ಮಾಸ್ಟ್ರ ಮಾತೂ ನಿಜವೆನಿಸಿತು. ತಂಬಿಗೆಯನ್ನು ಹೊಸ್ತಿಲ ಆಚೆ ಇಟ್ಟು ಒಳಗೆ ಸರಿದಳು.

ಬೆಂಗಳೂರಿಗೆ ಅರ್ಜಿ ಹೋಯಿತು, ನಿಲಯಕ್ಕೆ ಅರ್ಜಿ ಹೋಯಿತು. ದೂರು ಗಮನಕ್ಕೆ ಬಂದಿದೆ ಎಂದು ಒಂದು ಕಾರ್ಡು ಬಂತು, ಅಷ್ಟೇ. ನಿಲಯದವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ದಂಡ ಹಾಕಲಿಲ್ಲ. ಸದಾಚಾರ ಸಭೆಯವರ ಕೈ ಅಷ್ಟು ದೂರಕ್ಕೆ ಎಲ್ಲಿ ಮುಟ್ಟೀತು? ಸೇಸಮ್ಮನ ಗುಡಿಸಲು ಗುತ್ತಿನ ಬೈಲಿನ ಕೊನೆಯಲ್ಲೇ ಇತ್ತು. ಅವಳು ಗುತ್ತಿನ ಒಕ್ಕಲು. ಅವಳಜ್ಜಿಯ ಕಾಲದಿಂದ ಆ ಗುಡಿಸಲು, ಅದರೆದುರಿನ ಗದ್ದೆ ಅವರ ಕೈಯಲ್ಲಿತ್ತು. ಆದರೆ ಹೆಗ್ಡೆಯವರು ಇವತ್ತು ಏಳು ಎಂದರೆ ಇವತ್ತೇ ಏಳಬೇಕು. ದೈವದ ಎದುರು ಬಂದು ತಪ್ಪು ಒಪ್ಪಬೇಕು, ತಪ್ಪುಕಾಣಿಕೆ ಹಾಕಬೇಕು, ಒಕ್ಕಲು ಬಿಡಬೇಕು ಎಂದು ತೀರ್ಮಾನವಾಯಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಇದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ದಾರಿಯಲ್ಲಿ ಇಳಿಯುವುದು, ಜಲಜಾಕ್ಷಿಯಿಂದ ಕಾಂತಿಗೆ. ಹೆಗ್ಡೆಯವರು ನಡೆಸುವ ಯಜಮಾನ ಮಾತ್ರ. ಅಂದರೆ ಆ ಗುಡಿಸಲಿನ ನೆಲ ನ್ಯಾಯವಾಗಿ ಜಲಜಾಕ್ಷಿಯದು. ಒಕ್ಕಲು ಬಿಡಿಸಬಾರದು ಎಂದು ಅವಳು ಒಂದು ಮಾತು ಹೇಳಿದ್ದರೆ ಅಣ್ಣ ಕೇಳುತ್ತಿದ್ದರೋ ಇಲ್ಲವೋ, ಹೇಳುವ ಹಕ್ಕಂತೂ ಇತ್ತು. ಆದರೆ ಯಾಕೆ ಎಂದು ಅವರು ಕೇಳಿದರೆ? ಆಗ ಎಲ್ಲವನ್ನೂ ಹೇಳಬೇಕು. ಬೆಳ್ತಂಗಡಿಯ ದೊಡ್ಡ ಮನೆಯಲ್ಲಿ ಕಾಂತಿಗೆ ಮದುವೆಯ ಮಾತು ಮುಗಿದು ನಿಶ್ಚಯದ ದಿನ ಗೊತ್ತಾಗಿತ್ತು. ಕೆಸರಿನ ಹೆಂಗಸರ ಜೊತೆ ಕೂತು ಚಾಪೆಯಡಿಯ ಮುಂಡಾಸು ಹಾಡಿದವಳ ಮಗಳನ್ನು ಯಾವ ಮನೆಯವರು ತೆಗೆದುಕೊಂಡು ಹೋಗುತ್ತಾರೆ?

ದೈವಸ್ಥಾನದಲ್ಲಿ ಸೇರುವ ಹಿಂದಿನ ದಿನ ಮಧ್ಯಾಹ್ನ ಸೇಸಮ್ಮ ಹಿತ್ತಲಿಗೆ ಬಂದಳು. ಬಾವಿಕಟ್ಟೆಯ ಹತ್ತಿರ ದೂರದಲ್ಲೇ ನಿಂತಳು. ಜಲಜಾಕ್ಷಿಗೆ ನಡೆಯಲು ಕಲಿಸಿದ್ದು ಅವಳೇ, ಹಾಡು ಕಲಿಸಿದ್ದೂ ಅವಳೇ. ಗದ್ದೆಯಂಚಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂರಿಸಿ, ಅಳಬೇಡ ಎಂದು ಹಾಡು ಹೇಳುತ್ತ ನೆಡುತ್ತಿದ್ದವಳು.

"ನಾನೆಂತ ಮಾಡಲಿ ಜಲಜಕ್ಕ? ನೀವೇ ಹೇಳಿ."

ಜಲಜಾಕ್ಷಿಯ ಬಾಯಿಂದ ಹೊರಟದ್ದು, "ಕಾಂತಿಯ ಮದುವೆಯೊಂದು ಆಗಲಿ ಸೇಸಮ್ಮ..."

ಸೇಸಮ್ಮ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನಿಸಿತು ಜಲಜಾಕ್ಷಿಗೆ. ಅವಳು ಸಿಟ್ಟು ಮಾಡಲಿಲ್ಲ.

"ಕಾಂತಿಯಮ್ಮನನ್ನು ನಾನೂ ಎತ್ತಿ ಆಡಿಸಿದ್ದೇನೆ. ನಿಮ್ಮ ಹೆಸರು ನನ್ನ ಬಾಯಿಂದ ಬರ್ಲಿಕ್ಕಿಲ್ಲ. ಅದಕ್ಕೆ ಹೆದರಬೇಡಿ. ಆದರೆ ಮಾಡದ್ದನ್ನು ಮಾಡಿದ್ದೇನೆ ಅಂತ ದೈವದ ಎದುರು ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ನಾನು ಹಾಡಲಿಲ್ಲ ಅಂತ ದೀಪ ಮುಟ್ಟಿ ಪ್ರಮಾಣ ಮಾಡ್ತೇನೆ. ಅಷ್ಟೇ. ಮುಂದಿನದ್ದು ದೈವಕ್ಕೆ ಬಿಟ್ಟದ್ದು."

ಅವಳು ಹೋದ ಮೇಲೆ ಜಲಜಾಕ್ಷಿ ಬಾವಿಕಟ್ಟೆಗೆ ಒರಗಿ ಕೂತುಬಿಟ್ಟಳು. ಈ ಊರಿನಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳುವವರು ಬೇಕಷ್ಟು ಜನ ಇದ್ದಾರೆ. ದೀಪ ಮುಟ್ಟಿ ಸುಳ್ಳು ಹೇಳುವವರು ಇಲ್ಲ. ಸೇಸಮ್ಮ ದೀಪ ಮುಟ್ಟಿದರೆ ಅವಳು ಹಾಡಲಿಲ್ಲವೆಂಬುದು ತೀರ್ಮಾನವಾದ ಹಾಗೆಯೇ. ಮತ್ತೆ ಹಾಡಿದವಳು ಯಾರು ಎಂಬ ಪ್ರಶ್ನೆ ಏಳುತ್ತದೆ. ಆ ಕೊಟ್ಟಿಗೆಯಲ್ಲಿ ಇದ್ದ ಒಬ್ಬೊಬ್ಬರನ್ನೇ ದೀಪದ ಎದುರು ನಿಲ್ಲಿಸುತ್ತಾರೆ. ಸೇಸಮ್ಮನ ಮಗಳು, ಧರ್ಣಪ್ಪನ ಹೆಂಡತಿ ನೀಲಾವತಿಯೂ ಅಲ್ಲಿದ್ದಳು. ಅವಳು ಯಾಕೆ ಬಾಯಿಮುಚ್ಚಿಕೊಂಡಿರುತ್ತಾಳೆ?

ಹಾಗೆಯೇ ಆಗಿಬಿಡಲಿ ಎಂದೂ ಒಮ್ಮೆ ಅನಿಸಿತು. ಸೇಸಮ್ಮ ದೀಪ ಮುಟ್ಟಿದ ಕೂಡಲೇ ಮುಂದೆ ಹೋಗಿ, ಹಾಡಿದವಳು ನಾನು ಎಂದು ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಹಾಗೆ ಅಂದುಕೊಂಡ ಮೇಲೆ ಉಂಡ ಅನ್ನ ಮೈಗೆ ಹಿಡಿಯಿತು.

ದೈವಸ್ಥಾನದ ದೀಪ ಹೊತ್ತಿಸಬೇಕಾದವಳು ಗುತ್ತಿನ ಹಿರಿಯ ಹೆಣ್ಣು. ಅಂದರೆ ಅವಳೇ. ಮನೆಯಿಂದ ಎಣ್ಣೆ, ಬತ್ತಿ ಒಯ್ದು ದೀಪ ಹೊತ್ತಿಸಿ ಪಕ್ಕಕ್ಕೆ ನಿಂತಳು. ಊರಿಗೆ ಊರೇ ಬಂದಿತ್ತು. ಸೇಸಮ್ಮ ಒದ್ದೆ ಸೀರೆಯಲ್ಲಿ, ಕೂದಲು ಗಂಟು ಹಾಕಿಕೊಂಡು ಬಂದಳು. ಹಿಂದೆ ನೀಲಾವತಿ.

"ತಪ್ಪಾಯಿತು ಅಂತ ಹೇಳು" ಎಂದರು ಹೆಗ್ಡೆಯವರು.

"ಧಣಿಗಳು ನನ್ನನ್ನು ಕ್ಷಮಿಸಬೇಕು. ರೇಡಿಯೊದಲ್ಲಿ ಹಾಡಿದ್ದು ನಾನಲ್ಲ. ಪ್ರಮಾಣ ಮಾಡ್ತೇನೆ" ಎಂದು ಹೇಳಿ ಸೇಸಮ್ಮ ಎರಡು ಹೆಜ್ಜೆ ಮುಂದೆ ಬಂದು ದೀಪಕ್ಕೆ ಕೈ ಚಾಚಿದಳು.

ಜಲಜಾಕ್ಷಿ ಈಗ, ಈಗ ಎಂದು ಒಂದು ಕಾಲನ್ನು ಮುಂದಿಟ್ಟಳು ಕೂಡ.

"ನಿಲ್ಲು!" ಹೆಗ್ಡೆಯವರು ಕೂಗಿದ ರಭಸಕ್ಕೆ ಭಟ್ಟರೇ ಬೆಚ್ಚಿದರು. "ಪ್ರಮಾಣ ಬೇಡ. ದೀಪ ಮುಟ್ಟಬೇಡ."

"ಪ್ರಮಾಣ ಮಾಡ್ತೇನೆ ಅಂದವರಿಗೆ ಬೇಡ ಅನ್ನುವ ಕ್ರಮ ಎಲ್ಲಿಯದು?" ಎಂದು ರುಕ್ಮಯ್ಯ ಮಾಸ್ಟ್ರು ಹಿಂದಿನಿಂದ ಕೇಳಿದರು. ಜನ ಗುಸುಗುಸು ಎಂದಿತು. ಮಾತು ಸುಳ್ಳಲ್ಲ. ಹೆಗ್ಡೆಯವರೇ ಎಷ್ಟೋ ವ್ಯಾಜ್ಯಗಳನ್ನು ಇದೇ ದೀಪದೆದುರು ತೀರಿಸಿದವರು.

"ಇಡೀ ರಾಜ್ಯಕ್ಕೆ ಕೇಳುವ ಹಾಗೆ ಹೆಸರು ಹೇಳಿ ಹಾಡಿಸಿದ್ದಾರೆ. ಅದರ ಮೇಲೆ ಪ್ರಮಾಣ ಯಾಕೆ? ದೈವದ ದೀಪವನ್ನು ಇಂಥ ಹೊಲಸು ಮಾತಿಗೆ ಮುಟ್ಟಿಸುವುದಿಲ್ಲ ನಾನು." ಹೆಗ್ಡೆಯವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ಒಪ್ಪದಿದ್ದರೆ ಅವಳಿಷ್ಟ. ಒಕ್ಕಲು ಬಿಡಬೇಕು. ಈ ಊರಿನ ಯಾವ ಗದ್ದೆಗೂ ಇಳಿಯಬಾರದು."

ಸೇಸಮ್ಮನ ಕೈ ಗಾಳಿಯಲ್ಲೇ ನಿಂತಿತ್ತು. ಅದನ್ನು ಕೆಳಗಿಳಿಸಿ, ಏನೋ ಹೇಳಹೊರಟ ನೀಲಾವತಿಯನ್ನು ತಡೆದು, ಅವಳು ಜಲಜಾಕ್ಷಿಯ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ಸುಮ್ಮನೆ ಕಾಯುವ ನೋಟ. ಹಾಡು ಎತ್ತಿದ ಮೇಲೆ ಸೊಲ್ಲಿಗೆ ಕಾಯುವಾಗ ಅವಳು ನೋಡುತ್ತಿದ್ದದ್ದೂ ಹಾಗೆಯೇ.

ಜಲಜಾಕ್ಷಿ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬತ್ತಿ ಸರಿಮಾಡುವವಳಂತೆ ದೀಪದ ಕಡೆ ಬಾಗಿದಳು. ಪ್ರಮಾಣ ತಪ್ಪಿತಲ್ಲ ಎಂದು ಅವಳಿಗೆ ಸಂತೋಷವಾಯಿತು. ಹೌದು, ಸಂತೋಷವೇ. ಅದನ್ನು ಬೇರೆ ಹೆಸರಿನಿಂದ ಕರೆಯಲು ಆಮೇಲೆ ಎಷ್ಟು ಒದ್ದಾಡಿದರೂ ಆಗಲಿಲ್ಲ.

ಸೇಸಮ್ಮ ಕನ್ಯಾನದ ಕಡೆ ತಮ್ಮ ನೋಣಯ್ಯನ ಮನೆಗೆ ಹೊರಟುಹೋದಳು. ಒಂದು ಚಾಪೆ, ಎರಡು ಮಡಕೆ, ಒಂದು ಕತ್ತಿ. ಧರ್ಣಪ್ಪನನ್ನು ರೇಡಿಯೊ ಕೆಲಸದಿಂದ ಬಿಡಿಸಿದರು, ಪೆಟ್ಟಿಗೆಗೆ ಬೀಗ ಹಾಕಿದರು. ಗುಡಿಸಲಿನ ಮಾಡಿನ ಹುಲ್ಲು ಕಿತ್ತು ಗುತ್ತಿನ ಹಟ್ಟಿಗೆ ಹೊದಿಸಿದರು. ಕಾಂತಿಯ ಮದುವೆ ಬೆಳ್ತಂಗಡಿಯಲ್ಲಿ ಭರ್ಜರಿಯಾಗಿ ನಡೆಯಿತು. ಊಟಕ್ಕೆ ಕೂತವರೆಲ್ಲ ಹೆಗ್ಡೆಯವರ ಧರ್ಮನಿಷ್ಠೆಯನ್ನು ಹೊಗಳಿದರು. ಜಲಜಾಕ್ಷಿ ಎಲ್ಲರಿಗೂ ನಗುತ್ತ ಬಡಿಸಿದಳು. ನಗಲು ಎಷ್ಟು ಚೆನ್ನಾಗಿ ಬರುತ್ತದೆ ನನಗೆ ಎಂದು ಅವಳಿಗೇ ಹೇಸಿಗೆಯಾಯಿತು.

ಕಾಂತಿಯ ಮದುವೆಯಾದರೆ ಹೇಳುತ್ತೇನೆ ಎಂದು ಅವಳು ತನಗೆ ತಾನೇ ಮಾತು ಕೊಟ್ಟಿದ್ದಳು. ಮದುವೆಯಾಯಿತು. ಇನ್ನು ಅವಳು ಆ ಮನೆಯಲ್ಲಿ ನೆಲೆಯಾಗಲಿ ಎಂದಳು. ಕನ್ಯಾನಕ್ಕೆ ಒಮ್ಮೆ ಹೋಗಿಬರಬೇಕು ಎಂದೂ ಅಂದುಕೊಂಡಳು. ಬಿಸಿಲು ಬಂತು, ಸೆಕೆ ಬಂತು, ಹೋಗಲಿಲ್ಲ.

ಬೇಸಗೆ ಮುಗಿಯುವ ಹೊತ್ತಿಗೆ ನೋಣಯ್ಯ ಬಂದು ಅಂಗಳದಲ್ಲಿ ನಿಂತ. ಜಗಲಿ ಹತ್ತಲಿಲ್ಲ. "ಅಕ್ಕ ತೀರಿಹೋದಳು. ಗುತ್ತಿಗೆ ಒಂದು ಮಾತು ತಿಳಿಸಬೇಕಲ್ಲ, ಅದಕ್ಕೆ ಬಂದೆ" ಎಂದ.

"ಎಂತಾಗಿತ್ತು?" ಎಂದಳು ಜಲಜಾಕ್ಷಿ. ಅವಳ ಸ್ವರ ಅವಳಿಗೇ ಕೇಳಲಿಲ್ಲ.

"ಜ್ವರ. ಊಟ ಬಿಟ್ಟಿದ್ದಳು. ನಮ್ಮಲ್ಲಿಯ ಹೆಂಗಸರು ಒಂದು ಹಾಡು ಹೇಳು ಅಂತ ಕರೆದರೆ ಬಾಯಿ ಬಿಡ್ತಿರಲಿಲ್ಲ. ನನ್ನ ಸ್ವರ ಪೆಟ್ಟಿಗೆಯವರು ತೆಗೆದುಕೊಂಡು ಹೋದರು ಅಂತಿದ್ದಳು." ನೋಣಯ್ಯ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು ಹೊರಟುಹೋದ. ಗುತ್ತಿನ ನೀರು ಕೂಡ ಕುಡಿಯಲಿಲ್ಲ.

ಹೆಗ್ಡೆಯವರು ಬೆಂಚಿನಲ್ಲಿ ಅಡಿಕೆ ಹೋಳು ಮಾಡುತ್ತಿದ್ದರು. ಜಲಜಾಕ್ಷಿ ಅವರೆದುರು ನೆಲದಲ್ಲಿ ಕೂತಳು. ಇಷ್ಟು ದಿನ ಬಾರದ ಮಾತು, ಇನ್ನು ಬಂದರೂ ಪ್ರಯೋಜನವಿಲ್ಲ ಎಂದಾದ ಮೇಲೆ ತಾನಾಗಿಯೇ ಬಂತು.

"ಅಣ್ಣ, ಹಾಡಿದ್ದು ನಾನು."

ಕತ್ತರಿ ನಿಲ್ಲಲಿಲ್ಲ. "ಗೊತ್ತುಂಟು" ಎಂದರು ಹೆಗ್ಡೆಯವರು.

"ಹೇಗೆ?" ಎಂದಳು ಜಲಜಾಕ್ಷಿ.

"ನಿನ್ನ ತೊಟ್ಟಿಲು ತೂಗಿದವನು ನಾನು. ನಿನ್ನ ಸ್ವರ ನನಗೆ ಗೊತ್ತಾಗುವುದಿಲ್ಲವಾ? ಮೊದಲ ಸಾಲಿಗೇ ಗೊತ್ತಾಯಿತು. ಬೇರೆ ಯಾರಿಗಾದರೂ ಗೊತ್ತಾಗುವ ಮೊದಲು ಒಂದು ಹೆಸರು ಗಟ್ಟಿ ಮಾಡಬೇಕಿತ್ತು. ಪೆಟ್ಟಿಗೆಯೇ ಹೆಸರು ಕೊಟ್ಟಿತು." ಅವರು ತಲೆ ಎತ್ತಲಿಲ್ಲ. "ಪ್ರಮಾಣ ಮಾಡಿಸಿದ್ದರೆ ಎಂತ ಆಗ್ತಿತ್ತು ಹೇಳು? ಈ ಮನೆ ನಿನ್ನ ಸಂತಾನದ್ದು. ಕಾಂತಿ ಇಲ್ಲದೆ ಈ ಮನೆಗೆ ಮುಂದೆ ಯಾರುಂಟು? ದೈವಕ್ಕೆ ನಾನು ಉತ್ತರ ಕೊಡ್ತೇನೆ. ನೀನು ತಲೆಕೆಡಿಸಬೇಡ."

"ಅವಳು ಸತ್ತುಹೋದಳಲ್ಲ ಅಣ್ಣ!"

"ಹೌದು" ಎಂದರು. ಕತ್ತರಿಗೆ ಅಡಿಕೆಯ ಬದಲು ಹೆಬ್ಬೆರಳು ಸಿಕ್ಕಿತು. ರಕ್ತ ಬಂದುದನ್ನು ಅವರು ನೋಡುತ್ತ ಕೂತರು. ಜಲಜಾಕ್ಷಿ ಬಟ್ಟೆ ತರಲು ಏಳಲಿಲ್ಲ. ಅಣ್ಣನಿಗೆ ಗೊತ್ತಿಲ್ಲ, ಗೊತ್ತಾದರೆ ಕೊಂದೇಬಿಡುತ್ತಾರೆ ಎಂಬ ಹೆದರಿಕೆಯ ಹಿಂದೆ ಅವಳು ಇಷ್ಟು ದಿನ ಅಡಗಿ ಕೂತಿದ್ದಳು. ಅದೂ ಸುಳ್ಳಾಯಿತು. ಇಬ್ಬರೂ ಸೇರಿ ಒಬ್ಬಳನ್ನು ಕೊಂದದ್ದು ಮಾತ್ರ ಉಳಿಯಿತು.

ನೇಜಿ ನೆಡುವ ದಿನ ಬಂತು. ದೊಡ್ಡ ಗದ್ದೆಯನ್ನು ಉತ್ತು ಹದ ಮಾಡಿ, ಹೆಂಗಸರು ನೇಜಿಯ ಕಟ್ಟು ಹಿಡಿದು ಇಳಿದರು. ನೀಲಾವತಿಯೂ ಇದ್ದಳು. ಹೊಟ್ಟೆಪಾಡು, ಇಳಿಯದೆ ಏನು ಮಾಡುತ್ತಾಳೆ? ಹೆಗ್ಡೆಯವರು ಮುಂಡಾಸು ಸುತ್ತಿಕೊಂಡು ಅಂಚಿನಲ್ಲಿ ನಿಂತಿದ್ದರು. ಅವಲಕ್ಕಿಯ ಕುಡುಪು, ಎಲೆಯಡಿಕೆಯ ತಟ್ಟೆ ಪಕ್ಕದಲ್ಲಿತ್ತು. ಮೊದಲ ಸಾಲು ನೆಟ್ಟಾಯಿತು, ಎರಡನೆಯದೂ ಆಯಿತು. ಯಾರೂ ಹಾಡು ಎತ್ತಲಿಲ್ಲ. ಕೆಸರಿನಲ್ಲಿ ಕಾಲು ಕಿತ್ತಿಡುವ ಪಚಪಚ ಸದ್ದು ಮಾತ್ರ.

"ಎಂತ ಇದು, ಹಾಡಿಲ್ಲದೆ ನೆಡುವುದಾ?" ಎಂದರು ಹೆಗ್ಡೆಯವರು. ಗದರಿಸಲು ಹೊರಟ ಸ್ವರ ಅರ್ಧದಲ್ಲೇ ತಗ್ಗಿತು. "ದೊಡ್ಡ ಗದ್ದೆ ಹಾಡಿಲ್ಲದೆ ನೆಡುವ ಕ್ರಮವಿಲ್ಲ. ಯಾರಾದರೂ ಎತ್ತಿ. ಸಿಟ್ಟು ಮಾಡುವುದಿಲ್ಲ."

ಹೆಂಗಸರು ಬಗ್ಗಿದ ಬೆನ್ನು ಎತ್ತಲಿಲ್ಲ.

ಅಂಗಳದ ತುದಿಯಲ್ಲಿ ನಿಂತಿದ್ದ ಜಲಜಾಕ್ಷಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಅಂಚು ದಾಟಿ ಗದ್ದೆಗೆ ಇಳಿದಳು. ಗುತ್ತಿನ ಹೆಣ್ಣು ಕೆಸರಿಗೆ ಇಳಿದದ್ದನ್ನು ಆ ಊರು ಕಂಡಿರಲಿಲ್ಲ. "ಜಲಜಾ!" ಎಂದರು ಹೆಗ್ಡೆಯವರು. ಅವಳು ತಿರುಗಲಿಲ್ಲ. ಮೊಣಕಾಲವರೆಗೆ ಹೂತುಕೊಂಡು ಹೆಂಗಸರ ಸಾಲಿನ ಎದುರು ಹೋಗಿ ನಿಂತು ಬಾಯಿ ತೆರೆದಳು.

"ಹೋರಿ ಹುಡುಕಲು ಬಂದ ಒಡೆಯ, ಹೋರಿ ಹಟ್ಟಿಯಲ್ಲೇ ಉಂಟು..."

ರೇಡಿಯೊದಲ್ಲಿ ಕೇಳಿದ ಅದೇ ಸ್ವರ. ಬೈಲಿನ ಆಚೆ ಬದಿಯಲ್ಲಿ ಉಳುತ್ತಿದ್ದ ಗಂಡಸರು ಎತ್ತುಗಳನ್ನು ನಿಲ್ಲಿಸಿದರು. ದಾರಿಯಲ್ಲಿ ಹೋಗುತ್ತಿದ್ದ ರುಕ್ಮಯ್ಯ ಮಾಸ್ಟ್ರು ಕೊಡೆ ಮಡಚಿ ನಿಂತರು. ಇನ್ನು ಯಾರಿಗೂ ಯಾವುದನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಗ್ಡೆಯವರು ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅಂಚಿನಲ್ಲೇ ಕುಕ್ಕರಿಸಿದರು.

ಜಲಜಾಕ್ಷಿ ಸಾಲು ಮುಗಿಸಿ ಸೊಲ್ಲಿಗೆ ಕಾದಳು. ಕೊಟ್ಟಿಗೆಯಲ್ಲಿ ಅಂದು ಸೊಲ್ಲು ಕೊಟ್ಟವರು ಇವರೇ. ಎಲ್ಲರ ಮುಖವೂ ಅವಳಿಗೆ ಗೊತ್ತು. ಯಾರೂ ಕೊಡಲಿಲ್ಲ. ಮತ್ತೊಮ್ಮೆ ಎತ್ತಿದಳು, ಈ ಸಲ ಸ್ವರ ಒಡೆಯಿತು. ಹೆಂಗಸರ ಕೈಗಳು ನೇಜಿಯನ್ನು ಕೆಸರಿಗೆ ಒತ್ತುತ್ತ, ಒತ್ತುತ್ತ ಅವಳ ಕಡೆಗೇ ಬಂದವು.

ನೀಲಾವತಿ ಅವಳ ಕಾಲಿನ ಹತ್ತಿರ ಬಂದು ತಲೆಯೆತ್ತಿದಳು.

"ಅಕ್ಕ, ನೀವು ನಿಂತಲ್ಲಿ ನೇಜಿ ನೆಡ್ಲಿಕ್ಕುಂಟು" ಎಂದಳು. "ಸ್ವಲ್ಪ ಬದಿಗೆ ನಿಲ್ಲಿ."

ಜಲಜಾಕ್ಷಿ ಬದಿಗೆ ಸರಿದಳು. ಅವಳ ಹೆಜ್ಜೆಯ ಗುಂಡಿಯನ್ನು ಕೈಯಿಂದ ಸಮ ಮಾಡಿ ನೀಲಾವತಿ ಅಲ್ಲೊಂದು ಹಿಡಿ ನೇಜಿ ನೆಟ್ಟಳು.